ತೆರೆದ ಕವಾಟಕ್ಕೂ ಮಿತಿಯುಂಟು

ಯಂತ್ರದ ಶಕ್ತಿಯನ್ನು ಹೆಚ್ಚಿಸುವ ವಿದ್ಯೆಯನ್ನು ಮಾನವನು ಬಹು ಬೇಗ ಕಲಿತನು. ಆ ಶಕ್ತಿಯನ್ನು ನೆರೆಹೊರೆಯವರಿಗೆ ಬಾಧೆಯಾಗದಂತೆ ನಡೆಸುವ ವಿದ್ಯೆಯನ್ನು ಇನ್ನೂ ಕಲಿಯುತ್ತಲೇ ಇದ್ದಾನೆ. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಇಂಜಿನಿಯರಿಂಗ್ ಪದವಿ ಪಡೆದು, ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಸಮೀಪ ಉದ್ಯೋಗದಲ್ಲಿರುವ ತರುಣನೊಬ್ಬನ ಅನುಭವವು ಈ ಮಾತಿಗೆ ನಿದರ್ಶನವಾಗಿದೆ. ಆತನ ತಂದೆ ಪಂಪ್‌ಸೆಟ್ ದುರಸ್ತಿ ಮಾಡುವವರು. ಡೀಸೆಲ್ ಎಂಜಿನ್ನಿನ ಸದ್ದನ್ನು ಕೇಳಿಯೇ ಅದರ ರೋಗವನ್ನು ಗುರುತಿಸುವ ಅವರ ಬಳಿ ಬೆಳೆದ ಹುಡುಗನಿಗೆ ಯಂತ್ರದ ಧ್ವನಿಯೆಂದರೆ ಬಾಲ್ಯದಿಂದಲೂ ಒಂದು ಬಗೆಯ ಮೋಹ.

ಆ ಮೋಹವೇ ಆತನಿಂದ ಟರ್ಬೋಚಾರ್ಜರ್ ಇರುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಿಸಿತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯಲ್ಲಿ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದು ವ್ಯರ್ಥವಾಗದಂತೆ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಟ್ಸರ್ಲೆಂಡಿನ ಆಲ್‌ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು 1905ರಲ್ಲಿ ಪೇಟೆಂಟ್ ಪಡೆದರು. ಸ್ಟುಟ್‌ಗಾರ್ಟಿನ ಪೋರ್ಷೆ ಸಂಸ್ಥೆಯು 1974ರ ಪ್ಯಾರಿಸ್ ಪ್ರದರ್ಶನದಲ್ಲಿ ತನ್ನ 911 ಟರ್ಬೋ ಕಾರನ್ನು ಜನರ ಮುಂದಿಟ್ಟಿತು. ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಈ ಪುಟ್ಟ ಚಕ್ರವು ಮಿತಿಮೀರಿ ಗಾಳಿ ತುಂಬಿದರೆ ಎಂಜಿನ್ನೇ ಕೆಡುತ್ತದೆ. ಆದಕಾರಣ ಹೆಚ್ಚಿನ ಹೊಗೆಯನ್ನು ಚಕ್ರಕ್ಕೆ ತಾಗದಂತೆ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟ್ ಎಂಬ ಕವಾಟವನ್ನು ಇರಿಸುತ್ತಾರೆ. ಇದು ಯಂತ್ರದ ಕ್ಷೇಮಕ್ಕಾಗಿ ಇರುವ ಕವಾಟ. ತರುಣನು ಮುಂದೆ ಜೋಡಿಸಬೇಕಾಗಿ ಬಂದ ಕವಾಟವು ಬೇರೆ. ಅದು ಅನ್ಯರ ಕಿವಿಯ ಕ್ಷೇಮಕ್ಕೆ ಸಂಬಂಧಿಸಿದುದು.

ಕಾರಿನ ಹಿಂದಿನ ಒಡೆಯನು ಸೈಲೆನ್ಸರನ್ನು ಕಿತ್ತು ನೇರವಾದ ಕೊಳವೆಯನ್ನು ಹಾಕಿಸಿದ್ದನು. ಚಕ್ರವನ್ನು ದಾಟಿದ ಹೊಗೆಗೆ ಮುಂದಿನ ದಾರಿ ಸಲೀಸಾದಷ್ಟೂ ಟರ್ಬೋ ಬೇಗ ವೇಗ ಹಿಡಿಯುತ್ತದೆಂಬುದು ನಿಜವೇ. ಆದರೆ ಸದ್ದು? ಬೆಳಗಿನ ಐದಕ್ಕೆ ಕೆಲಸಕ್ಕೆ ಹೊರಡುತ್ತಿದ್ದ ಆತನ ಕಾರು ಇಡೀ ಬೀದಿಯನ್ನು ಎಬ್ಬಿಸುತ್ತಿತ್ತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಶಾಂತಿಯನ್ನು ಆ ನಾಡಿನ ಜನ ಗಂಭೀರವಾಗಿ ಪಾಲಿಸುತ್ತಾರೆ. ಆದರೂ ಯಾರೊಬ್ಬರೂ ಬಂದು ಜಗಳವಾಡಲಿಲ್ಲ. ಕೊನೆಗೆ ವಾಹನ ತಪಾಸಣೆಯ ದಿನ ಅಧಿಕಾರಿಯೇ ಕಾರನ್ನು ತಿರಸ್ಕರಿಸಿದರು.

ಆಗ ತರುಣನು ಒಂದು ಯೋಜನೆ ಹೂಡಿದನು. ಕೊಳವೆಯನ್ನು ಎರಡು ಕವಲಾಗಿಸುವುದು. ಒಂದು ಕವಲು ಸೈಲೆನ್ಸರಿನ ಮೂಲಕ ಸಾಗುವುದು, ಇನ್ನೊಂದು ನೇರವಾದುದು. ನೇರ ಕವಲಿನೊಳಗೆ ತಟ್ಟೆಯಾಕಾರದ ಕವಾಟವಿದ್ದು, ಚಾಲಕನ ಮುಂದಿನ ಸ್ವಿಚ್ಚಿನಿಂದ ಬೇಕಾದಷ್ಟು ತೆರೆಯಬಹುದು, ಮುಚ್ಚಬಹುದು. ಊರೊಳಗೆ ಮುಚ್ಚಿ ನಡೆಸುವುದು, ಹೆದ್ದಾರಿಯಲ್ಲಿ ತೆರೆಯುವುದು ಎಂಬುದು ಆತನ ಎಣಿಕೆ.

ತಾಸಿನ ಬಾಡಿಗೆಗೆ ದೊರೆಯುವ ಕಾರ್ಯಾಗಾರವೊಂದರಲ್ಲಿ ಕೆಲಸ ಆರಂಭವಾಯಿತು. ಕೊಳವೆ ಪೂರ್ಣ ತಣ್ಣಗಾಗುವವರೆಗೆ ಕಾದು, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಊಡಿಸಿ, ಬ್ಯಾಟರಿಯ ತಂತಿಗಳನ್ನು ಬಿಡಿಸಿದ ಬಳಿಕವೇ ಆತನು ಗರಗಸವನ್ನೂ ವೆಲ್ಡಿಂಗ್ ಉಪಕರಣವನ್ನೂ ಮುಟ್ಟಿದನು. ಆಮ್ಲಜನಕವನ್ನು ಅಳೆಯುವ ಸೆನ್ಸರ್‌ಗಳ ಮುಂಚೆ ಕೊಳವೆ ಎಲ್ಲಿಯಾದರೂ ಸೋರಿದರೆ ಅಳತೆಯೇ ತಪ್ಪುವುದರಿಂದ, ಕವಲನ್ನು ಅವುಗಳ ನಂತರದ ಭಾಗದಲ್ಲಿ ಕೂಡಿಸಿದನು. ಕವಾಟದ ಮೋಟಾರಿಗೆ ಕಾವು ತಾಗದಂತೆ ತಗಡಿನ ಮರೆ ಕಟ್ಟಿದನು. ಸಾಬೂನು ನೀರು ಹಚ್ಚಿ ಪ್ರತಿ ಜೋಡಣೆಯನ್ನೂ ಪರೀಕ್ಷಿಸಿದನು.

ಆದರೂ ಮೊದಲ ದಿನವೇ ವಿಘ್ನ ಒದಗಿತು. ತಣ್ಣಗಿದ್ದಾಗ ಸರಾಗವಾಗಿ ತಿರುಗುತ್ತಿದ್ದ ಕವಾಟವು ಅರ್ಧ ತಾಸಿನ ಪ್ರಯಾಣದ ನಂತರ ಬಿಗಿದುಕೊಂಡಿತು. ಪಕ್ಕದ ಮನೆಯ ಹಿರಿಯರು ನಿವೃತ್ತ ಲೇತ್ ಕೆಲಸಗಾರರು. ಕವಾಟವನ್ನು ಅಂಗೈಯಲ್ಲಿ ಹಿಡಿದು ನೋಡಿ, "ದಂಡ ಸ್ಟೇನ್‌ಲೆಸ್ ಸ್ಟೀಲು, ಅದರ ಬುಷ್ ಸಾಧಾರಣ ಉಕ್ಕು. ಕಾವಿಗೆ ಎರಡೂ ಒಂದೇ ಸಮನೆ ಹಿಗ್ಗುವುದಿಲ್ಲ," ಎಂದರು. ಹತ್ತು ಮಿಲಿಮೀಟರಿನ ಸ್ಟೇನ್‌ಲೆಸ್ ದಂಡವು ಐನೂರು ಡಿಗ್ರಿಯ ಕಾವಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ಹಿಗ್ಗುತ್ತದೆ; ಅದರ ಬುಷ್ ಅಷ್ಟು ಹಿಗ್ಗದು. ಹಿರಿಯರು ತಮ್ಮ ಮನೆಯ ಚಿಕ್ಕ ಲೇತಿನಲ್ಲಿ, ದಂಡದ ಲೋಹದಿಂದಲೇ ಹೊಸ ಬುಷ್ ತಿರುವಿ, ಕೂದಲೆಳೆಯಷ್ಟು ಅವಕಾಶವನ್ನು ಬಿಟ್ಟುಕೊಟ್ಟರು. ಹಣ ಕೊಡಹೋದರೆ ಮುಟ್ಟಲಿಲ್ಲ.

ಕೆಲವು ದಿನಗಳ ನಂತರ ತಪಾಸಣೆ ನಡೆಯಿತು. ಕವಾಟ ಮುಚ್ಚಿದ್ದಾಗ ಸದ್ದು ಮಿತಿಯೊಳಗಿತ್ತು. ತರುಣನ ಮುಖ ಅರಳಿತು. ಅಧಿಕಾರಿ ಸಾವಧಾನವಾಗಿ, "ಈಗ ತೆರೆಯಿರಿ," ಎಂದರು. ಚಾಲಕನ ಇಚ್ಛೆಯಂತೆ ಬದಲಿಸಬಹುದಾದ ಸೈಲೆನ್ಸರ್ ವ್ಯವಸ್ಥೆಯು ತನ್ನ ಎಲ್ಲ ನಿಲುವುಗಳಲ್ಲಿಯೂ ಮಿತಿಯೊಳಗೆ ಇರಬೇಕೆಂಬುದು ಅಲ್ಲಿನ ನಿಯಮ. ತೆರೆದ ಕವಾಟದ ಘರ್ಜನೆಯನ್ನು ಧ್ವನಿಮಾಪಕವು ಕ್ಷಮಿಸಲಿಲ್ಲ. ಕಾರು ಎರಡನೆಯ ಬಾರಿ ತಿರಸ್ಕೃತವಾಯಿತು.

ಅಂದು ಸಂಜೆ ತರುಣನು ಹಿರಿಯರ ಮುಂದೆ ಸಿಟ್ಟನ್ನೆಲ್ಲ ತೋಡಿಕೊಂಡನು. "ಮನೆಯ ಮುಂದೆ ನಾನು ಮುಚ್ಚಿಯೇ ನಡೆಸುತ್ತೇನೆ. ತಿರುವು ದಾಟಿದ ಮೇಲಷ್ಟೇ ತೆರೆಯುವುದು. ಇದರಲ್ಲಿ ತಪ್ಪೇನು?" ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಹೆಂಡತಿಗೆ ಒಮ್ಮೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ನೀವು ಕವಾಟ ಹಾಕಿದ ಮೇಲೆ ಈ ವಾರ ಚೆನ್ನಾಗಿ ಮಲಗಿದ್ದಾಳೆ. ಆದರೆ ತಿರುವಿನ ಆಚೆಗೂ ಮನೆಗಳಿವೆಯಲ್ಲವೇ?"

ತರುಣನು ಉತ್ತರಿಸಲಿಲ್ಲ. ಇಷ್ಟು ದಿನ ಆ ವೃದ್ಧ ದಂಪತಿಗಳ ನಿದ್ದೆಯನ್ನು ಕದ್ದವನು ತಾನು. ತನ್ನ ಕವಾಟಕ್ಕೆ ಬುಷ್ ತಿರುವಿಕೊಟ್ಟವರು ಅವರು. ಒಂದು ದಿನವೂ ದೂರಲಿಲ್ಲ. ಮೌನವನ್ನು ತಾನು ಸಮ್ಮತಿಯೆಂದು ತಿಳಿದಿದ್ದೆನಲ್ಲಾ ಎಂಬ ನಾಚಿಕೆಯು, ಅಧಿಕಾರಿಯ ತಿರಸ್ಕಾರಕ್ಕಿಂತ ಆಳವಾಗಿ ಆತನನ್ನು ನಾಟಿತು. ನೋಡುವವರ ಮುಂದೆ ಕವಾಟ ಮುಚ್ಚಿಕೊಂಡಿರುವುದು ಸಂಯಮವಲ್ಲ; ತೆರೆದಾಗಲೂ ಮಿತಿಯಲ್ಲಿರುವುದೇ ಸಂಯಮವೆಂಬುದನ್ನು ಆತನು ಅಂದು ಕಂಡುಕೊಂಡನು.

ಮುಂದಿನ ಶನಿವಾರ ಕಾರು ಮತ್ತೆ ಜಾಕಿನ ಮೇಲೇರಿತು. ನೇರ ಕವಲಿಗೂ ಒಂದು ಚಿಕ್ಕ ಸೈಲೆನ್ಸರ್ ಬಂದಿತು. ಕವಾಟದ ತಟ್ಟೆಯು ಗೊತ್ತುಪಡಿಸಿದ ಕೋನವನ್ನು ಮೀರಿ ತೆರೆಯದಂತೆ ತಡೆಯುವ ತಿರುಪೊಂದು ಬಂದಿತು. ಹಿರಿಯರು ಪಕ್ಕದಲ್ಲಿ ನಿಂತು ದೀಪ ಹಿಡಿದರು. ಮೂರನೆಯ ತಪಾಸಣೆಯಲ್ಲಿ ಕವಾಟವನ್ನು ಮುಚ್ಚಿಯೂ, ಅರೆ ತೆರೆದೂ, ಪೂರ್ಣ ತೆರೆದೂ ಅಳೆದ ಅಧಿಕಾರಿ ಕಾಗದಕ್ಕೆ ಮುದ್ರೆ ಒತ್ತಿದರು.

ಗರ್ಜನೆ ಕುಗ್ಗಿತು, ಓಟದಲ್ಲಿ ಕೊರತೆಯೇನೂ ಆತನಿಗೆ ಕಾಣಲಿಲ್ಲ. ಮನೆಗೆ ಮರಳುವ ಮುನ್ನ ಕಾರ್ಯಾಗಾರದಲ್ಲಿ ಕಾರನ್ನು ನಿಲ್ಲಿಸಿ, ಆ ತಿರುಪನ್ನು ಮುಂದೆಂದೂ ಸಡಿಲಿಸಲಾಗದಂತೆ ಅದರ ತಲೆಯ ಮೇಲೆ ವೆಲ್ಡಿಂಗಿನ ಒಂದು ಚುಕ್ಕೆ ಇಡಲಾಯಿತು. ಅದನ್ನು ಇಡಬೇಕೆಂದು ಅಧಿಕಾರಿ ಹೇಳಿರಲಿಲ್ಲ, ಹಿರಿಯರೂ ಹೇಳಿರಲಿಲ್ಲ. ಇಟ್ಟವನು ಆ ತರುಣನೇ.