ನಿಮ್ಗೇನ್ರೀ, ಉಡುಪಿ ಕಡೆಯೋರು!

ಬೆಂಗಳೂರಲ್ಲಿ ಬಾಡಿಗೆ ಮನೆ ನೋಡೋಕೆ ಹೋಗಿದ್ದೆ. ಊರು ಕೇಳಿದ್ರು, ಉಡುಪಿ ಕಡೆ ಅಂದೆ. "ನಿಮ್ಗೇನ್ರೀ, ದುಡ್ಡಿನೋರು! ಬ್ಯಾಂಕು, ಹೋಟ್ಲು ಎಲ್ಲಾ ನಿಮ್ಮೋರ್ದೇ" ಅಂದ್ರು ಓನರು. ಅಡ್ವಾನ್ಸಲ್ಲಿ ಒಂದು ರೂಪಾಯಿ ಬಿಡಲಿಲ್ಲ :)

ಅವರದ್ದೂ ಪೂರ್ತಿ ತಪ್ಪಲ್ಲ ಬಿಡಿ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲೇ. 2020ರಲ್ಲಿ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು, ಹೆಸರು ಮಾತ್ರ ನಮ್ಮ ಬೆನ್ನಿಗೇ ಉಳಿದಿದೆ. ಮಣಿಪಾಲದ ಕಟ್ಟಡಗಳನ್ನು ನೋಡಿದವರಿಗಂತೂ ಇಡೀ ಜಿಲ್ಲೆಯೇ ಹಾಗೆ ಅನ್ನಿಸುತ್ತೆ. ಆದ್ರೆ 1928ರಲ್ಲಿ ಪಿಗ್ಮಿ ಶುರುವಾಗಿದ್ದು ದಿನಕ್ಕೆ ಎರಡಾಣೆ ಉಳಿಸೋರಿಗಾಗಿ ಅನ್ನೋದು ಯಾರಿಗೆ ನೆನಪಿದೆ?

ಕಾರ್ಕಳದ ನಮ್ಮನೆಯಲ್ಲಿ ಅಮ್ಮ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನನ್ನ ಕಾಲೇಜು ಫೀಸು ಬಂದದ್ದು ಅಲ್ಲಿಂದ. ಕಾಪುವಿನ ದೊಡ್ಡಮ್ಮನ ಮಗ ಮುಂಬಯಿ ಹೋಟೆಲಲ್ಲಿ ಲೋಟ ತೊಳೆಯುತ್ತಾ ಶುರುಮಾಡಿದವನು. ಈಗ ಊರಲ್ಲಿ ತಾರಸಿ ಮನೆ ಇದೆ, ಒಳಗೆ ದೊಡ್ಡಮ್ಮ ಒಬ್ಬರೇ.

ಓನರ ಮಾತನ್ನು ಫೋನಲ್ಲಿ ಅಮ್ಮನಿಗೆ ಹೇಳಿ ಸಿಟ್ಟು ಮಾಡಿಕೊಂಡೆ. ಅಮ್ಮ ನಕ್ಕರು. "ಹೇಳ್ಲಿ ಮಾರಾಯ. ಕೆಲಸಕ್ಕೆ ಬಂದವ್ರನ್ನ ಕಂಡ್ರೆ ನಾವು 'ಘಟ್ಟದವ್ರು ಹೀಗೇ' ಅಂತ ಹೇಳೂದಿಲ್ವಾ?"

ಮಣಿಪಾಲದಲ್ಲಿ ಕಟ್ಟಡಕ್ಕೆ ಕಲ್ಲು ಹೊತ್ತವರಲ್ಲಿ ಒಬ್ಬರ ಊರನ್ನೂ ನಾನು ಕೇಳಿರಲಿಲ್ಲ. ಸುಮ್ಮನಾದೆ.

ನಿಮ್ಮೂರಿಗೆ ಯಾವ ಹಣೆಪಟ್ಟಿ?