ನಿಜ್ವಾ ಕೋಟೆಗೆ ಪುತ್ತೂರಿನ ಪಾಕ

ಮಸ್ಕತ್‌ನಲ್ಲಿ ಚಳಿಗಾಲ ಎಂದರೆ ಎ.ಸಿ. ಬಂದ್ ಮಾಡಿ ಕಿಟಕಿ ತೆಗೆಯುವ ಕಾಲ, ಅಷ್ಟೇ. ಕಿಟಕಿ ತೆಗೆದರೆ ದಾರ್ಸೈತ್‌ನ ಬೋಳುಗುಡ್ಡಗಳ ಕಡೆಯ ಗಾಳಿಯ ಜೊತೆಗೆ ಅಕ್ಕಪಕ್ಕದ ಅಡುಗೆಮನೆಗಳೂ ಒಳಗೆ ಬರುತ್ತವೆ. 2015ರ ಡಿಸೆಂಬರಿನಲ್ಲಿ ಹಾಗೆ ಬಂದದ್ದು ಕಿಡಿಯೊ ಕರಿಯುವ ವಾಸನೆ. ಪಕ್ಕದ ಫ್ಲಾಟಿನ ಬಾಯಮ್ಮ ಮಂಗಳೂರಿನ ಕಡೆಯವರು. ಕ್ರಿಸ್‌ಮಸ್‌ಗೆ ಹದಿನೈದು ದಿನ ಮೊದಲೇ ಅವರ ಕುಸ್ವಾರ್ ಶುರುವಾಗುತ್ತಿತ್ತು: ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದಮೇಲೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬರೇ ಕರಿಯುತ್ತಿದ್ದರು.

ಆ ವರ್ಷ ಅವರಿಗೆ ಭಾರೀ ಖುಷಿ. ಒಮಾನಿನಲ್ಲಿ ಕ್ರಿಸ್‌ಮಸ್‌ಗೆ ಸರ್ಕಾರಿ ರಜೆ ಇಲ್ಲ. ಕೆಲಸ ಮುಗಿಸಿ, ಶರ್ಟು ಬದಲಿಸಿಕೊಂಡು ಸಂಜೆಯ ಪೂಜೆಗೆ ಓಡಬೇಕು. ಆ ಸಲ ಮಾತ್ರ ಹಬ್ಬ ಶುಕ್ರವಾರವೇ ಬಿದ್ದಿತ್ತು. "ನಮ್ಮ ಯೇಸುವಿಗೆ ಈ ವರ್ಷ ವಾರದ ರಜೆ ಸಿಕ್ಕಿತು ನೋಡಿ" ಎಂದು ಕಟ್ಟಡದವರಿಗೆಲ್ಲ ಹೇಳಿದ್ದರು.

ಜಿಂಜರ್‌ಬ್ರೆಡ್ ಮನೆಯ ಹುಚ್ಚು ಹತ್ತಿದ್ದು ಅವರಿಗಲ್ಲ, ನನ್ನ ಮಗಳಿಗೆ. ಎರಡನೆಯ ಕ್ಲಾಸು. ಶಾಲೆಯಲ್ಲಿ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆ ಕೇಳಿ ಬಂದಿದ್ದಳು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಆ ಕಥೆಯಲ್ಲಿ ಕಾಡಿನೊಳಗೆ ತಿನ್ನುವ ಮನೆಯೊಂದು ಇದೆಯಲ್ಲ, ಅದು ಬೇಕಂತೆ. ಬಾಯಮ್ಮನನ್ನು ಕೇಳಿದರೆ, "ಅಯ್ಯೋ, ನಾವು ಗೋದಲಿ ಕಟ್ಟುವವರು. ಶುಂಠಿಯ ಮನೆ ನಾನೂ ಟಿವಿಯಲ್ಲಿ ನೋಡಿದ್ದೇ" ಅಂದರು.

ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಪುತ್ತೂರಿನಿಂದ ಬಂದಿದ್ದ ದಿನಗಳವು. "ಎಂತದು ಮಾರಾಯ್ತಿ, ಮನೆ ಕಟ್ಟಿ ಮುರಿದು ತಿನ್ನುವುದಾ?" ಎಂದರು. ಮನೆ ಮುರಿಯುವ ಮಾತು ಅವರಿಗೆ ಸೇರಲಿಲ್ಲ.

ಫೋನಿನಲ್ಲಿ ಸಿಕ್ಕಿದ ವಿಧಾನದಲ್ಲಿ ಮೈದಾ, ಬೆಣ್ಣೆ, ಶುಂಠಿ ಪುಡಿ, ದಾಲ್ಚಿನ್ನಿ, ಲವಂಗ. ಅಲ್ಲಿಯವರೆಗೆ ಸರಿ. ಆಮೇಲೆ ಮೊಲಾಸಿಸ್. ಮೊಲಾಸಿಸ್ ಅಂದರೆ ಕಾಕಂಬಿ ಎಂದು ನಾನು ಬಿಡಿಸಿ ಹೇಳಿದ್ದೇ ತಪ್ಪಾಯಿತು. "ಸಾರಾಯಿ ಮಾಡುವುದಲ್ಲವಾ ಅದು? ಮಕ್ಕಳಿಗೆ ಕೊಡುವುದಾ?" ಅತ್ತೆಯ ಮುಖ ಇನ್ನಷ್ಟು ಗಂಟಾಯಿತು. ಅಂಗಡಿಯಲ್ಲಿ ಕಾಕಂಬಿ ಹುಡುಕುವ ಕೆಲಸ ಬಿಟ್ಟು, ಕಪ್ಪಗೆ ದಪ್ಪಗೆ ಕಣ್ಣೆದುರೇ ಇದ್ದ ಖರ್ಜೂರದ ರಸದ ಬಾಟಲಿ ತಂದೆ. ಇಲ್ಲಿಯವರು ಅದನ್ನು ದಿಬ್ಸ್ ಎನ್ನುತ್ತಾರೆ. ಜೊತೆಗೆ ರಾಷ್ಟ್ರೀಯ ದಿನಕ್ಕೆಂದು ತರಿಸಿ ಮಿಕ್ಕಿದ್ದ ಮಿಠಾಯಿ ಅಗ್ಗಕ್ಕೆ ಸಿಕ್ಕಿತು. ನವೆಂಬರ್ 18ಕ್ಕೆ 45ನೆಯ ರಾಷ್ಟ್ರೀಯ ದಿನ ಮುಗಿದಿತ್ತಷ್ಟೆ. ಒಮಾನಿನ ಬಾವುಟದ್ದು ಕೆಂಪು, ಬಿಳಿ, ಹಸಿರು. ಕ್ರಿಸ್‌ಮಸ್‌ನದ್ದೂ ಅದೇ ಮೂರು. ನನ್ನ ಜೇಬಿಗೆ ಅನುಕೂಲವಾಗಲೆಂದೇ ಯಾರೋ ಈ ಏರ್ಪಾಡು ಮಾಡಿದ್ದರೋ ಏನೋ.

ದಿಬ್ಸ್ ಹಾಕಿದ ಹಿಟ್ಟು ಲಟ್ಟಣಿಗೆಗೆ ಅಂಟಿತು, ಮಣೆಗೆ ಅಂಟಿತು, ನನ್ನ ಮಗನ ಕೂದಲಿಗೂ ಅಂಟಿತು. ಕಾಗದದ ಅಳತೆ ಇಟ್ಟು ನೇರವಾಗಿ ಕತ್ತರಿಸಿದ ಗೋಡೆಗಳು ಅವನ್‌ನೊಳಗೆ ಹೋಗಿ ಹಪ್ಪಳದ ಹಾಗೆ ಹರಡಿಕೊಂಡು ಹೊರಬಂದವು. ಎದುರುಗಡೆಯ ಗೋಡೆ, ಬಾಗಿಲು ಇರಬೇಕಾದದ್ದು, ತಟ್ಟೆಯಿಂದ ಎತ್ತುವಾಗಲೇ ಎರಡು ತುಂಡು. ಮಗಳು ಅಳಲಿಕ್ಕೆ ಶುರು ಮಾಡಿದಳು.

ನೆಲಮಹಡಿಯ ಒಮಾನಿ ಮನೆಯ ಹುಡುಗ ಆಟಕ್ಕೆಂದು ಬಂದವನು ಅಲ್ಲೇ ನಿಂತಿದ್ದ. ಉಳಿದ ಹಿಟ್ಟನ್ನು ತೆಗೆದು, ಮಗುಚಿಟ್ಟ ನಮ್ಮ ಸ್ಟೀಲ್ ಲೋಟದ ಸುತ್ತ ತಟ್ಟಿ, "ನಿಜ್ವಾ" ಎಂದ. ಒಂದೇ ಮಾತು. ಮಗಳ ಅಳು ನಿಂತಿತು. ಹಿಂದಿನ ತಿಂಗಳಷ್ಟೇ ನಾವು ನಿಜ್ವಾ ಕೋಟೆ ನೋಡಿ ಬಂದಿದ್ದೆವು.

ನಿಜ್ವಾ ನೋಡಿದವರಿಗೆ ಗೊತ್ತು, ಅದು ಕೋಟೆಗಿಂತ ಹೆಚ್ಚಾಗಿ ಒಂದು ಮಹಾ ದುಂಡುಗೋಪುರ. 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್‌ನಿಂದ ಓಡಿಸಿದ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು. ಮುಗಿಯಲು ಹನ್ನೆರಡು ವರ್ಷ ಹಿಡಿಯಿತಂತೆ. ಒಳಗಿನ ಒಂದು ಕೋಣೆಯ ನೆಲದಲ್ಲಿ ಕಾಲುವೆಯ ಹಾಗೆ ಗೀರುಗಳಿವೆ. ಅಲ್ಲಿ ಖರ್ಜೂರದ ಚೀಲಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದರು. ಮೇಲಿನ ಭಾರಕ್ಕೆ ಕೆಳಗಿನ ಚೀಲದ ರಸ ಒಸರಿ, ಗೀರಿನಲ್ಲಿ ಹರಿದು ಜಾಡಿಗೆ ಇಳಿಯುತ್ತಿತ್ತು. ಆ ರಸವನ್ನೇ ಕುದಿಸಿ, ಬಾಗಿಲಿನ ನೆತ್ತಿಯ ಕಂಡಿಗಳಿಂದ ನುಗ್ಗಿ ಬಂದ ಶತ್ರುವಿನ ತಲೆಗೆ ಸುರಿಯುವುದು! ಕಾದ ಎಣ್ಣೆ ಸುರಿದರೆ ಇಳಿದು ಹೋದೀತು, ಕಾದ ಬೆಲ್ಲದ ಪಾಕ ಬಿಡುತ್ತದೆಯೇ? ಅಡುಗೆ ಮಾಡುವವರನ್ನು ಕೇಳಿ. ಇಡೀ ಕೋಟೆಯಲ್ಲಿ ನನ್ನ ಮಗನಿಗೆ ನೆನಪುಳಿದದ್ದು ಇದೊಂದೇ.

ಹಾಗೆ ಶುಂಠಿಯ ಮನೆ ಹೋಗಿ ಶುಂಠಿಯ ಕೋಟೆಯಾಯಿತು. ಲೋಟದ ಸಮೇತ ಬೆಂದ ಗೋಪುರ ಗಟ್ಟಿಯಾಗಿ ನಿಂತಿತು. ಆದರೆ ಸುತ್ತಲಿನ ಗೋಡೆಗಳನ್ನು ಜೋಡಿಸುವುದು ಹೇಗೆ? "ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಹಾಕಿ ಗೊಟಾಯಿಸಿದರೆ ಸಿಮೆಂಟೇ" ಎಂದು ಬಾಯಮ್ಮ ಬಾಯಿ ತಪ್ಪಿ ಹೇಳಿ, ಅತ್ತೆಯ ಕಡೆ ನೋಡಿ ಸುಮ್ಮನಾದರು. ನಮ್ಮ ಒಲೆಯ ಹತ್ತಿರ ಮೊಟ್ಟೆ ಬಂದದ್ದಿಲ್ಲ.

ಅತ್ತೆ ಎದ್ದರು. ಸೆರಗು ಸಿಕ್ಕಿಸಿಕೊಂಡು, "ಸಕ್ಕರೆ ಡಬ್ಬಿ ಎಲ್ಲಿ?" ಎಂದರು.

ಪಾಕ ಎಂದರೆ ಅವರ ರಾಜ್ಯ. ಒಂದೆಳೆ, ಎರಡೆಳೆ, ಉಂಡೆ ಪಾಕ, ಎಲ್ಲ ಕಣ್ಣಂದಾಜು. ಸಕ್ಕರೆ ಕುದಿದು ಬಂಗಾರದ ಬಣ್ಣಕ್ಕೆ ತಿರುಗಿದಾಗ ಒಂದು ಹನಿ ತಣ್ಣೀರಿಗೆ ಬಿಟ್ಟು, ತೆಗೆದು ಬಟ್ಟಲಿಗೆ ಬಡಿದರು. ಟಣ್ ಎಂದಿತು. "ಕಿಡಿಯೊಗೆ ಇಷ್ಟು ಏರಬಾರದು ಅಮ್ಮ, ಕಲ್ಲಾಗುತ್ತದೆ" ಎಂದು ಬಾಯಮ್ಮ. "ಕೋಟೆಗೆ ಕಲ್ಲೇ ಆಗಬೇಕು ಬಾಯಮ್ಮ" ಎಂದು ಅತ್ತೆ. ಮಕ್ಕಳನ್ನೆಲ್ಲ ಒಲೆಯಿಂದ ಎರಡು ಮಾರು ದೂರ ನಿಲ್ಲಿಸಿ, ಇಬ್ಬರು ಮುದುಕಿಯರು ಒಬ್ಬರು ಗೋಡೆ ಹಿಡಿದು ಇನ್ನೊಬ್ಬರು ಪಾಕ ಹೊಯ್ದು ಕಟ್ಟಿದರು. ಐದೇ ನಿಮಿಷ, ಅಲುಗಾಡಲಿಲ್ಲ. ಆ ಹೊತ್ತಿಗೆ ನನಗೆ ಇನ್ನೊಂದು ಯೋಚನೆ: ಒಂದು ಕಾಲಕ್ಕೆ ಮಂಗಳೂರಿನ ಅಕ್ಕಿ ಹಡಗು ಹಡಗಾಗಿ ಈ ಮಸ್ಕತ್‌ಗೆ ಬರುತ್ತಿತ್ತು, ಟಿಪ್ಪು ಇಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಪಾಕ ಹಾಕುವವರು ಬಂದರೇ ಎಂದು ಚರಿತ್ರೆಯವರು ಬರೆದಿಡಲಿಲ್ಲ.

ಮಿಠಾಯಿ ಅಂಟಿಸುವುದು ಮಕ್ಕಳ ಪಾಲು. ಒಮಾನಿ ಹುಡುಗ ಮನೆಗೆ ಓಡಿ ಒಂದು ಹಿಡಿ ಲುಬಾನ್ ತಂದು ಗೋಪುರದ ತುದಿಗೆ ಹಚ್ಚಿದ. ಧೋಫಾರದ ಮರದ ಅಂಟು, ನಮ್ಮ ಸಾಂಬ್ರಾಣಿಯ ಅಣ್ಣ. ಕಲ್ಲುಸಕ್ಕರೆಯೆಂದು ನನ್ನ ಮಗ ಒಂದನ್ನು ಕಚ್ಚಿಬಿಟ್ಟ. ಇಲ್ಲಿಯವರು ಅದನ್ನು ಅಗಿಯುತ್ತಾರೆ, ಭಯವಿಲ್ಲ. ಅವನ ಮುಖ ಮಾತ್ರ ಹಾಗಲಕಾಯಿ ತಿಂದ ಹಾಗಾಗಿತ್ತು.

ಕೋಟೆಗೆ ಜಾಗ ಸಿಕ್ಕಿದ್ದು ಬಾಯಮ್ಮನ ಗೋದಲಿಯ ಹಿಂದೆ. ಶುಕ್ರವಾರ ಬೆಳಿಗ್ಗೆ ಅವರೆಲ್ಲ ರೂವಿಯ ಸಂತ ಪೇತ್ರ ಮತ್ತು ಪೌಲರ ಇಗರ್ಜಿಗೆ ಹೋಗಿ ಬಂದು, ಕುಸ್ವಾರ್ ತಟ್ಟೆಯ ಜೊತೆಗೆ ನಮ್ಮನ್ನೂ ಕರೆದರು. ಹುಲ್ಲಿನ ಕೊಟ್ಟಿಗೆಯಲ್ಲಿ ಬಾಲಯೇಸು, ಮಾತೆ ಮರಿಯ, ಎರಡು ದನ. ಚಿನ್ನ, ಧೂಪ, ರಕ್ತಬೋಳ ಹಿಡಿದ ಮೂವರು ಅರಸರು. ಹಿಂದೆ ಕೆಂಪು-ಬಿಳಿ-ಹಸಿರು ನಿಜ್ವಾ. ಗೋವಾದ ಪೋರ್ಚುಗೀಸರ ಕಾಲದ ಹೆಸರು ಹೊತ್ತ ಮನೆತನದ ಗೋದಲಿಗೆ, ಪೋರ್ಚುಗೀಸರನ್ನು ಓಡಿಸಿದವನ ಕೋಟೆಯ ಕಾವಲು. ನಾನಿದನ್ನು ಹೇಳಿದಾಗ ಬಾಯಮ್ಮ, "ಅದೆಲ್ಲ ಇರಲಿ, ನೆವ್ರಿ ತಿನ್ನಿ" ಎಂದರು.

ತಿನ್ನುತ್ತಾ ಮಕ್ಕಳನ್ನು ಮರೆತೆವು. ನೋಡುವಾಗ ನನ್ನ ಮಗ ಗೋಪುರದ ಮೇಲಿನಿಂದ ಉಳಿದ ದಿಬ್ಸ್ ಸುರಿಯುತ್ತಿದ್ದಾನೆ. ಬಿಸಿ ಮಾಡಿರಲಿಲ್ಲ, ಅದೊಂದು ಪುಣ್ಯ. ಶತ್ರುಗಳು ಬಂದರಂತೆ, ಮೂರು ಜನ, ಒಂಟೆ ಸಮೇತ.

ಬಾಯಮ್ಮ ನಗುತ್ತಲೇ ಮೂವರನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆದರು. ಇಬ್ಬರು ಚೊಕ್ಕಟವಾದರು. ಧೂಪ ಹಿಡಿದವನ ಗಡ್ಡದ ಸಂದಿಯಿಂದ ಮಾತ್ರ ದಿಬ್ಸ್ ಪೂರ್ತಿ ಹೋಗಲಿಲ್ಲ. ಮರುವರ್ಷ ಪೆಟ್ಟಿಗೆಯಿಂದ ತೆಗೆದಾಗ ಅವನ ಮೈಮೇಲೆ ಇರುವೆ ಸಾಲುಗಟ್ಟಿತ್ತು.