ಸಣ್ಣವ್ವನ ಕಾರ್ಡು

ಮಾವ ಜಾರಿ ಬಿದ್ದದ್ದು ಶಿವರಾತ್ರಿಯ ಮರುದಿನ ಬೆಳಿಗ್ಗೆ, ಬಾಗ್ಮತಿ ನದಿಯ ಮೆಟ್ಟಿಲ ಮೇಲೆ. 2023ರ ಫೆಬ್ರುವರಿ. ಹಿಂದಿನ ರಾತ್ರಿಯಿಡೀ ಪಶುಪತಿನಾಥನ ದರ್ಶನಕ್ಕೆ ಜನ ಹರಿದು ಬಂದಿದ್ದರು. ಕಾಲಡಿ ಬರೀ ಬಿಲ್ವಪತ್ರೆ, ಹೂವಿನ ಪಕಳೆ, ನೀರು. ಮಾವ ಒಂದು ಮೆಟ್ಟಿಲು ಇಳಿದರು, ಇನ್ನೊಂದಕ್ಕೆ ಕಾಲಿಟ್ಟರು, ಅಷ್ಟೇ. ನಾನು ಹಿಡಿಯುವಷ್ಟರಲ್ಲಿ ಕೆಳಗಿದ್ದರು. ಎಡಗಾಲು ಹೊರಕ್ಕೆ ತಿರುಗಿಕೊಂಡಿತ್ತು. "ಏನಿಲ್ಲೋ, ಒಂಚೂರು ಕೈ ಕೊಡು, ಏಳ್ತೀನಿ" ಅಂದರು. ಏಳಲಿಲ್ಲ.

ಆ ದಿನದ ಕಥೆಯನ್ನು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ಪಶುಪತಿ ಕಾಯ್ದ ಅನ್ನುವವರಿದ್ದಾರೆ, ಡಾಕ್ಟರು ಒಳ್ಳೆಯವರಿದ್ದರು ಅನ್ನುವವರಿದ್ದಾರೆ. ಎರಡೂ ಸುಳ್ಳಲ್ಲ. ಆದರೆ ಆಸ್ಪತ್ರೆಯ ಕೌಂಟರಿನ ಮುಂದೆ ಅಷ್ಟು ಹೊತ್ತು ನಿಂತವನು ನಾನು. ನಾನು ಕಂಡದ್ದನ್ನು ಕಂಡಹಾಗೆ ಹೇಳುತ್ತೇನೆ, ಕೇಳಿ.

ನಾವು ಹೊರಟದ್ದು ಮೈಲಾರದ ಕಾರ್ಣಿಕ ಕೇಳಿಕೊಂಡು. ಭಾರತ ಹುಣ್ಣಿಮೆಯ ಜಾತ್ರೆ ಮುಗಿದ ಮೇಲೆ ಶಿವರಾತ್ರಿಗೆ ಕೆಲವೇ ದಿನ ಇರುತ್ತವೆ. ಅಷ್ಟರಲ್ಲಿ ಕಾಶಿ ಮುಗಿಸಿ ನೇಪಾಳ ಮುಟ್ಟಬೇಕು ಅನ್ನುವುದು ಮಾವನ ಎಷ್ಟೋ ವರ್ಷದ ಆಸೆ. ಮಾವನದು ಹಡಗಲಿಯಲ್ಲಿ ಮಲ್ಲಿಗೆ ತೋಟ. ಬೇಸಿಗೆಯ ಹೂವಿನ ಹಂಗಾಮು ಶುರುವಾದರೆ ನಸುಕಿನಲ್ಲೇ ಬಿಡಿಸಬೇಕು, ಬಸ್ಸಿಗೆ ಹಾಕಬೇಕು, ಒಂದು ದಿನವೂ ಬಿಡುವಿಲ್ಲ. ಹಾಗಾಗಿ ಹೋಗುವುದಾದರೆ ಆಗಲೇ ಹೋಗಬೇಕಿತ್ತು. ಯಾತ್ರೆ ಕರೆದುಕೊಂಡು ಹೋಗುವವರು ಹರಪನಹಳ್ಳಿಯವರು. ಜೊತೆಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ದಂಪತಿಗಳು. ಕೊಟ್ಟೂರಿನ ಇಬ್ಬರು ಹಿರಿಯರು ಗುರುಬಸವೇಶ್ವರನ ತೇರು ಬಿಟ್ಟು ಬಂದೆವಲ್ಲ ಎಂದು ದಾರಿಯುದ್ದಕ್ಕೂ ಚಡಪಡಿಸುತ್ತಿದ್ದರು. ಮಾವ, ಮಾವನ ಮೊಮ್ಮಗ, ಸಣ್ಣವ್ವ, ನಾನು. ಸಣ್ಣವ್ವ ನಮ್ಮವ್ವನ ತಂಗಿ, ಮಾವನಿಗೂ ತಂಗಿ. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತಿಯಾದವಳು.

ಗದಗಿನಲ್ಲಿ ರೈಲು ಹತ್ತಿ ಕಾಶಿ, ಅಲ್ಲಿಂದ ಗೋರಖಪುರ, ಆಮೇಲೆ ಬಸ್ಸಿನಲ್ಲಿ ಸೋನೌಲಿ. ಸೋನೌಲಿಯಲ್ಲಿ ಒಂದು ಕಮಾನು ದಾಟಿದರೆ ನೇಪಾಳ. ಭಾರತದವರಿಗೆ ವೀಸಾ ಬೇಡ, ಪಾಸ್‌ಪೋರ್ಟೇ ಬೇಕೆಂದಿಲ್ಲ. ಕಮಾನಿನ ಆಚೆಗೂ ಹಿಂದಿ ನಡೆಯುತ್ತದೆ, ನಮ್ಮ ರೂಪಾಯಿಯೂ ನಡೆಯುತ್ತದೆ. ಪಶುಪತಿನಾಥನ ಗುಡಿಯಲ್ಲಂತೂ ಗರ್ಭಗುಡಿಯ ಭಟ್ಟರೇ ಕರ್ನಾಟಕದವರು. ಕಾಠ್ಮಂಡುವಿನ ಆ ಅಂಗಳದಲ್ಲಿ ಕನ್ನಡ ಕಿವಿಗೆ ಬಿದ್ದಾಗ ಮಾವನ ಕಣ್ಣು ತುಂಬಿ ಬಂದಿತ್ತು. ಇಂಥ ದೇಶವನ್ನು ಪರದೇಶ ಅಂತ ಯಾರ ಮನಸ್ಸು ಒಪ್ಪುತ್ತದೆ? ದುಬೈಗೆ ಹೋಗುವವನು ತಿಂಗಳ ಮುಂಚೆ ಬ್ಯಾಂಕಿಗೆ ಓಡುತ್ತಾನೆ. ನೇಪಾಳಕ್ಕೆ ಹೋಗುವವನು ತಿರುಪತಿಗೆ ಹೊರಟಷ್ಟೇ ನಿಶ್ಚಿಂತೆಯಿಂದ ಚೀಲ ಕಟ್ಟುತ್ತಾನೆ. ಆದರೆ ಬ್ಯಾಂಕಿನ ಕಂಪ್ಯೂಟರಿಗೆ ಈ ನೆಂಟಸ್ತಿಕೆ ಗೊತ್ತಿಲ್ಲ. ಗಡಿ ದಾಟಿದರೆ ಅದಕ್ಕೆ ಎಲ್ಲವೂ ಪರದೇಶವೇ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ತೊಡೆಮೂಳೆ ಸೊಂಟದ ಹತ್ತಿರ ಮುರಿದಿದೆ, ಆಪರೇಷನ್ ಆಗಬೇಕು, ತಡಮಾಡುವುದು ಒಳ್ಳೆಯದಲ್ಲ ಅಂದರು. ಕೌಂಟರಿನಲ್ಲಿ 80,000 ಮುಂಗಡ ಕಟ್ಟಿ ಅಂದರು. ಎದೆ ಧಸಕ್ಕೆಂದಿತು. ಕೌಂಟರಿನ ಹುಡುಗ ನನ್ನ ಮುಖ ನೋಡಿ ತಾನೇ ಹಿಂದಿಯಲ್ಲಿ ಬಿಡಿಸಿ ಹೇಳಿದ: ಅದು ಎನ್‌ಸಿ, ಐಸಿ ಅಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಇವೆರಡೇ ಮಾತು. ಎನ್‌ಸಿ ಎಂದರೆ ನೇಪಾಳಿ ರೂಪಾಯಿ, ಐಸಿ ನಮ್ಮದು. ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಇದೇ ದರ. ಅಂದರೆ ನಮ್ಮ ಲೆಕ್ಕದಲ್ಲಿ 50,000.

ಮಾವ ಸ್ಟ್ರೆಚರಿನ ಮೇಲೆ ಮಲಗಿದ್ದಲ್ಲೇ ಬನಿಯನ್ನಿನ ಒಳಜೇಬಿಗೆ ಕೈ ಹಾಕಿ ನೋಟಿನ ಕಟ್ಟು ತೆಗೆದುಕೊಟ್ಟರು. ಬೆವರಿಗೆ ಒದ್ದೆಯಾಗಿತ್ತು. ಎಲ್ಲ ಐನೂರರ ನೋಟು. ಹುಡುಗ ಮುಟ್ಟಲೂ ಇಲ್ಲ. ನೂರಕ್ಕಿಂತ ದೊಡ್ಡ ಭಾರತೀಯ ನೋಟು ಚಲಾವಣೆ ಇಲ್ಲ ಎಂದು ಅವರ ಸರ್ಕಾರ 2018ರ ಡಿಸೆಂಬರಿನಲ್ಲೇ ಹೇಳಿಬಿಟ್ಟಿತ್ತು. 2016ರಲ್ಲಿ ನಮ್ಮಲ್ಲಿ ನೋಟು ರದ್ದಾದಾಗ ಅವರ ಬ್ಯಾಂಕುಗಳಲ್ಲಿ, ಜನರ ಪೆಟ್ಟಿಗೆಗಳಲ್ಲಿ ಇದ್ದ ನಮ್ಮ ಹಳೇ ನೋಟುಗಳು ವರ್ಷಗಟ್ಟಲೆ ಬದಲಾಗದೆ ಹಾಗೇ ಉಳಿದವು. ಆ ಹುಡುಗನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿರಲಿಲ್ಲ.

ಇನ್ನು ಕಾರ್ಡು. ಮಾವನ ಹತ್ತಿರ ಅವರ ಬ್ಯಾಂಕು ಕೊಟ್ಟ ರುಪೇ ಕಾರ್ಡ್ ಇತ್ತು. ಹಡಗಲಿಯ ಎಟಿಎಂ ಬಿಟ್ಟು ಬೇರೆಲ್ಲೂ ಅದನ್ನು ತೂರಿಸಿದ್ದಿಲ್ಲ. ಸ್ವೈಪಿಂಗ್ ಮಷಿನ್ ಒಂದು ಸಲ ಕುಂಯ್ಯೆಂದು ಚೀಟಿ ಉಗುಳಿತು, ಆಗಲ್ಲ ಅಂತ. ಖಾತೆಯಲ್ಲಿ ಹಣವಿತ್ತು, ಪಿನ್ ಸರಿಯಿತ್ತು. ವಿಷಯ ಬೇರೆ. 2020ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಹೊಸದಾಗಿ ಕೊಡುವ, ಬದಲಿಸಿ ಕೊಡುವ ಯಾವ ಕಾರ್ಡೇ ಆಗಲಿ, ಮೊದಲಿಗೆ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಮಷಿನ್ನಿಗೆ ಮಾತ್ರ ನಡೆಯಬೇಕು. ಹೊರದೇಶದ ಬಳಕೆ, ಆನ್‌ಲೈನ್ ಬಳಕೆ, ಮಷಿನ್ನಿಗೆ ತಾಗಿಸಿ ಕೊಡುವ ಬಳಕೆ, ಇವೆಲ್ಲ ಬಂದ್ ಇರುತ್ತವೆ. ಗ್ರಾಹಕ ಕೇಳಿ ಚಾಲೂ ಮಾಡಿಸಿಕೊಳ್ಳಬೇಕು. ಒಳ್ಳೆಯ ನಿಯಮವೇ. ಊರು ಬಿಟ್ಟು ಹೋಗದ ಮುದುಕರ ಖಾತೆಗೆ ಯಾವುದೋ ದೇಶದ ಕಳ್ಳ ಕೈ ಹಾಕಬಾರದು. ಆದರೆ ಮಾವನಿಗೆ ಅದನ್ನು ಹೇಳಿದವರು ಯಾರು? ಕಾರ್ಡಿನ ಜೊತೆ ಬಂದ ಕಾಗದದಲ್ಲಿ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಇದ್ದಿರಬಹುದು. ಹೂವು ಮಾರಿ ಬದುಕುವವನು ಅದನ್ನು ಓದಲಿಲ್ಲ ಎಂದು ದೂರುವುದು ನನ್ನಿಂದಾಗದು.

ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಕಂಪನಿ ಅವನನ್ನು ಅಮೆರಿಕಕ್ಕೆ ಕಳಿಸಿದ್ದಾಗ ಮಾಡಿಸಿದ ಫಾರೆಕ್ಸ್ ಕಾರ್ಡ್ ಜೇಬಿನಲ್ಲಿತ್ತು, ಅದರಲ್ಲಿ ಡಾಲರೂ ಉಳಿದಿದ್ದವು. "ತಾತ, ನೀವು ಚಿಂತಿ ಮಾಡಬ್ಯಾಡ್ರಿ" ಅಂದು ಮುಂದೆ ಬಂದ. ಅದೂ ನಡೆಯಲಿಲ್ಲ. ಪಾಪ, ಅವನ ಮುಖ ಬಿಳುಪೇರಿತು. ಡಾಲರ್ ತುಂಬಿದ ಆ ಕಾರ್ಡು ಎಷ್ಟೋ ದೇಶಗಳಲ್ಲಿ ನಡೆಯುತ್ತದೆ, ಭಾರತ, ನೇಪಾಳ, ಭೂತಾನಗಳಲ್ಲಿ ನಡೆಯುವುದಿಲ್ಲ. ನೇಪಾಳ, ಭೂತಾನದ ಪ್ರವಾಸಕ್ಕೆ ವಿದೇಶಿ ವಿನಿಮಯ ಕೊಡಕೂಡದು ಅನ್ನುವುದು ನಮ್ಮ ದೇಶದ ಕಾನೂನು. ಅಲ್ಲಿ ರೂಪಾಯಿ ಖಾತೆಯ ಕಾರ್ಡೇ ಬೇಕು. ಅವನ ಕ್ರೆಡಿಟ್ ಕಾರ್ಡ್ ಇತ್ತು, ಅದರ ಹೊರದೇಶದ ಬಳಕೆ ಬಂದ್. ಮೊಬೈಲಿನ ಆ್ಯಪಿನಲ್ಲಿ ಚಾಲೂ ಮಾಡೋಣವೆಂದರೆ ಒಟಿಪಿ ಬರಬೇಕು. ಒಟಿಪಿ ಬರಬೇಕೆಂದರೆ ನಮ್ಮ ಸಿಮ್‌ಗೆ ರೋಮಿಂಗ್ ಇರಬೇಕು. ಗಡಿ ದಾಟಿದ ಕ್ಷಣದಿಂದ ಅವನ ಫೋನಿನಲ್ಲಿ ಸಿಗ್ನಲ್ಲೇ ಇರಲಿಲ್ಲ. ಆಸ್ಪತ್ರೆಯ ವೈಫೈ ಹಿಡಿದು ಬ್ಯಾಂಕಿನ 1800 ನಂಬರಿಗೆ ಫೋನ್ ಮಾಡಲು ನೋಡಿದ, ಹೋಗಲಿಲ್ಲ. ಆ ಉಚಿತ ನಂಬರು ದೇಶದೊಳಗಿನವರಿಗೆ. ಬೀಗ ತೆಗೆಯುವ ಕೀಲಿಗಳೆಲ್ಲ ಕಮಾನಿನ ಆ ಕಡೆಯೇ ಉಳಿದಿದ್ದವು.

ಆಗ ಮೊಮ್ಮಗನೇ ಅಂದ, "ಸಣ್ಣಜ್ಜಿನ ಕರೀರಿ."

ಸಣ್ಣವ್ವ ಧರ್ಮಶಾಲೆಯಲ್ಲಿ ಉಳಿದ ಹೆಣ್ಣುಮಕ್ಕಳ ಜೊತೆ ಇದ್ದಳು. ಟ್ಯಾಕ್ಸಿಯಲ್ಲಿ ಬಂದಳು. ಮೊದಲು ಅಣ್ಣನ ಹತ್ತಿರ ಹೋಗಿ ತಲೆ ಸವರಿದಳು. ಆಮೇಲೆ ಕೌಂಟರಿಗೆ ಬಂದು ಸೊಂಟದ ಸಂಚಿಯಿಂದ ಎರಡು ಕಾರ್ಡು ತೆಗೆದಳು. ಎರಡು ಬೇರೆ ಬೇರೆ ಬ್ಯಾಂಕಿನವು, ಎರಡು ಬೇರೆ ಬೇರೆ ಕಂಪನಿಯವು. ಒಂದರಲ್ಲಿ ಪೆನ್ಷನ್ ಬರುತ್ತದೆ. ಇನ್ನೊಂದು ಪ್ರಯಾಣಕ್ಕೆಂದೇ ಇಟ್ಟುಕೊಂಡ ಖಾತೆ, ಹೊರಡುವ ಮುಂಚೆ ಅದಕ್ಕೆ ಬೇಕಾದಷ್ಟೇ ಹಾಕಿಕೊಂಡಿದ್ದಳು.

ಈ ಬುದ್ಧಿ ಅವಳಿಗೆ ಮಸ್ಕತ್ತಿನಲ್ಲಿ ಬಂದದ್ದು. ಮಗಳು ಅಲ್ಲಿದ್ದಾಳೆ. ಅಲ್ಲಿಯ ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಮಷಿನ್ ಕೇಳಿತಂತೆ, ರಿಯಾಲಿನಲ್ಲಿ ಕೊಡುತ್ತೀರೋ ನಿಮ್ಮ ರೂಪಾಯಿಯಲ್ಲೋ ಎಂದು. ರೂಪಾಯಿ ಎಂದು ಕಂಡರೆ ಯಾರಿಗಾದರೂ ನೆಮ್ಮದಿಯೇ. ಮಗಳು ಕೈ ಹಿಡಿದು, "ಅವ್ವಾ, ಯಾವ ದೇಶದಾಗ ಇರ್ತೀಯೋ ಆ ದೇಶದ ರೊಕ್ಕದಾಗ ಒತ್ತಬೇಕು" ಅಂದಳಂತೆ. ರೂಪಾಯಿ ಒತ್ತಿದರೆ ದರ ಕಟ್ಟುವವನು ಆ ಅಂಗಡಿಯ ಮಷಿನ್ನಿನವನು, ತನ್ನ ಲಾಭ ಸೇರಿಸಿಯೇ ಕಟ್ಟುತ್ತಾನೆ. ಅಲ್ಲಿಯ ಹಣವನ್ನೇ ಒತ್ತಿದರೆ ದರ ವೀಸಾದಂಥ ಕಾರ್ಡಿನ ಕಂಪನಿಯದು, ಅದರ ಮೇಲೆ ನಮ್ಮ ಬ್ಯಾಂಕಿನ ಶುಲ್ಕ, ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಮೂರೂವರೆ, ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಯಾವ ಬ್ಯಾಂಕು ಎಷ್ಟು ತೆಗೆದುಕೊಳ್ಳುತ್ತದೆ ಎಂದು ಸಣ್ಣವ್ವ ಕೇಳಿ ಬರೆದಿಟ್ಟುಕೊಂಡಿದ್ದಳು. ಹಾಜರಿ ಪುಸ್ತಕ ಬರೆದ ಕೈ.

ನೇಪಾಳಕ್ಕೆ ಹೊರಡುವ ಮುಂಚೆಯೂ ಅವಳು ಬ್ಯಾಂಕಿಗೆ ಹೋಗಿದ್ದಳು. ನಾನೇ ಬೈಕಿನಲ್ಲಿ ಬಿಟ್ಟು ಬಂದೆ. ಅಲ್ಲಿಯ ಹುಡುಗ, "ನೇಪಾಳಕ್ಕ ಏನೂ ಬೇಕಾಗಂಗಿಲ್ರಿ ಟೀಚರ್, ಅದು ನಮ್ಮ ದೇಶ ಇದ್ದಂಗ" ಅಂದ. ಸಣ್ಣವ್ವ ಎದ್ದು ಬರಲಿಲ್ಲ. "ನಿನಗ ಅನ್ನಿಸೋದು ಬ್ಯಾಡಪ್ಪ, ಕಂಪ್ಯೂಟರಿಗೆ ಏನ್ ಅನ್ನಿಸ್ತೈತಿ ನೋಡು" ಅಂದಳು. ಹೊರದೇಶದ ಎಟಿಎಂ ಒಂದು, ಅಂಗಡಿಯ ಮಷಿನ್ ಒಂದು, ಎರಡನ್ನೂ ಬೇರೆ ಬೇರೆಯಾಗಿ ಚಾಲೂ ಮಾಡಿಸಿದಳು. ಆನ್‌ಲೈನ್ ಬೇಡ ಅಂದಳು, ಏಕೆಂದರೆ ಹೊರದೇಶದ ವ್ಯಾಪಾರಿ ಒಟಿಪಿ ಕೇಳದೆಯೇ ಹಣ ಎಳೆದುಕೊಳ್ಳಬಹುದು. ದಿನಕ್ಕೆ ಎಷ್ಟು ಎಂಬ ಮಿತಿಯನ್ನು ತಾನೇ ಹೇಳಿ ಹಾಕಿಸಿದಳು. ಹೊರದೇಶದಿಂದ ಕರೆ ಮಾಡುವ ನಂಬರು ಬೇರೆ ಇರುತ್ತದಲ್ಲ, +91 ಇರುವುದು, ಅದನ್ನು ಬರೆಸಿಕೊಂಡಳು. ಕಾಯುತ್ತಿದ್ದವರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಠ್ಮಂಡುವಿನ ಕೌಂಟರಿನಲ್ಲಿ ಪ್ರಯಾಣದ ಖಾತೆಯ ಕಾರ್ಡನ್ನು ಕೊಟ್ಟಳು. ಹುಡುಗ ಅದನ್ನು ಹಿಡಿದು ಒಳಕೋಣೆಗೆ ಹೊರಟ. "ಬೇಟಾ, ಮಷಿನ್ ಇಧರ್ ಲಾವೋ" ಅಂದಳು, ಶಾಲೆಯ ದನಿಯಲ್ಲಿ. ಮಷಿನ್ ಬಂತು. ಮೊತ್ತ ತಾನೇ ಓದಿ, ಪಿನ್ ಒತ್ತಿದಳು. ನಾನು ಉಸಿರು ಹಿಡಿದುಕೊಂಡಿದ್ದೆ. ಚೀಟಿ ಹೊರಬಂತು, ನಡೆಯಿತು ಅಂತ. 48,000 ಎನ್‌ಸಿ ಕಟ್ಟಿಯಾಯಿತು, ನಮ್ಮ 30,000. ಆ ಖಾತೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಇದ್ದದ್ದು. ಉಳಿದದ್ದನ್ನು ಪೆನ್ಷನ್ ಕಾರ್ಡಿನಲ್ಲಿ ಎಳೆದಳು. ರಶೀದಿ ಎಣಿಸಿ ಸಂಚಿಗೆ ಹಾಕಿಕೊಂಡು, ಮೊಮ್ಮಗನ ಕಡೆ ತಿರುಗಿ, "ಕಾರ್ಡಿನ ಹಿಂದ ಏನ್ ಬರ್ದಾರ ಓದು" ಅಂದಳು. ನಮ್ಮಲ್ಲಿ ಹಳೆಯ ಕಾರ್ಡುಗಳ ಮೇಲೆ ಭಾರತ, ನೇಪಾಳ, ಭೂತಾನ ಎಂದು ಮೂರು ದೇಶದ ಹೆಸರೂ ಅಚ್ಚಾಗಿರುತ್ತಿತ್ತು. ಕೆಲವಕ್ಕೆ ಅಲ್ಲಿ ಮಾತ್ರ ನಡೆಯುತ್ತದೆ ಅಂತ, ಕೆಲವಕ್ಕೆ ಅಲ್ಲಿ ವಿದೇಶಿ ಹಣಕ್ಕೆ ನಡೆಯದು ಅಂತ. ಹುಡುಗ ಅಳುವ ಹಾಗಿದ್ದ. ಅವಳು ಬೈಯಲಿಲ್ಲ, ಚಹಾ ಕುಡಿಸಿದಳು.

ಆಪರೇಷನ್ ಸುಸೂತ್ರವಾಯಿತು. ನೇಪಾಳದಲ್ಲಿ ಫೋನ್ ಹಿಡಿದು ಕ್ಯೂಆರ್ ಸ್ಕ್ಯಾನ್ ಮಾಡಿ ಯುಪಿಐನಲ್ಲಿ ಕೊಡುವ ಅನುಕೂಲ ಬಂದದ್ದು ಮರುವರ್ಷ, 2024ರ ಮಾರ್ಚಿನಲ್ಲಿ. ಈಗ ಯಾತ್ರೆಗೆ ಹೋಗುವವರು ಅದರ ಧೈರ್ಯದ ಮೇಲೆಯೇ ಹೊರಡುತ್ತಾರೆ. ಆದರೂ ಸಿಗ್ನಲ್ ಇಲ್ಲದ ಫೋನು ಏನು ಮಾಡೀತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಕಾರ್ಡು ಇರಲಿ, ಸಣ್ಣ ನೋಟು ಒಂದಿಷ್ಟು ಇರಲಿ ಎಂದು ಹೇಳುವುದನ್ನು ನಾನಂತೂ ಬಿಟ್ಟಿಲ್ಲ.

ಊರಿಗೆ ಬಂದು, ಮಾವ ಕೋಲು ಹಿಡಿದು ತೋಟದ ತನಕ ನಡೆಯುವಂತಾದ ಮೇಲೆ, ಒಂದು ದಿನ ತಂಗಿಯ ಮುಂದೆ ನೋಟಿನ ಕಟ್ಟು ಇಟ್ಟರು. ಸಣ್ಣವ್ವ ಎರಡೂ ಪಾಸ್‌ಬುಕ್ ತೆಗೆದು, ಖಾತೆಯಿಂದ ಹೋದದ್ದು ಎಷ್ಟೋ ಅಷ್ಟನ್ನು ಮಾತ್ರ ತೆಗೆದುಕೊಂಡಳು, ಚಿಲ್ಲರೆಗೆ ಚಿಲ್ಲರೆ. ಮಾವ ಆಮೇಲೆ ತಮ್ಮ ಕಾರ್ಡನ್ನು ಮುಂದೆ ಮಾಡಿ, "ನಡಿಯವ್ವ ಬ್ಯಾಂಕಿಗೆ, ಇದಕ್ಕೂ ಅದೆಲ್ಲ ಚಾಲೂ ಮಾಡಿಸಿಬಿಡೂನು" ಅಂದರು.

"ಮತ್ತ ಎಲ್ಲಿಗೆ ಹೊಂಟೀಯಣ್ಣ?"

"ಎಲ್ಲಿಗೂ ಇಲ್ಲ. ಇರ್ಲಿ ಅಂತ."

"ಹಂಗಿದ್ರ ಬಂದ್ ಇರ್ಲಿ" ಅಂದಳು ಸಣ್ಣವ್ವ. "ಹೋಗೂ ಮುಂದ ಹೇಳು, ನಾನ ಬರ್ತೀನಿ."